ಪದ್ಮಿನಿಗೆ ಮುಳಬಾಗಿಲು ಪಥ್ಯ

ಕೋಲಾರದ ಡೂಂಲೈಟ್ ಸರ್ಕಲ್ಲಿನಲ್ಲಿ ಸಂಜೆ ಹೊತ್ತು ಸುಮ್ಮನೆ ನಿಂತು ನೋಡಿ. ಕಂಪನಿಯವರು ತಲೆ ಕೆಡಿಸಿಕೊಂಡು ಮಾಡಿಕೊಟ್ಟ ಸೈಲೆನ್ಸರನ್ನು ದುಡ್ಡು ಕೊಟ್ಟು ಬಿಚ್ಚಿಸಿ, ಇನ್ನಷ್ಟು ದುಡ್ಡು ಕೊಟ್ಟು ಸದ್ದು ಮಾಡುವ ಕೊಳವೆ ಹಾಕಿಸಿ, ಕೊನೆಗೆ ಅದಕ್ಕೆ ದಂಡವನ್ನೂ ಕಟ್ಟುವ ಬುಲೆಟ್ ಹುಡುಗರು ಒಬ್ಬರ ಹಿಂದೊಬ್ಬರು ಹೋಗುತ್ತಿರುತ್ತಾರೆ. ನಮ್ಮ ಮಾವನಿಗೆ ಅದೇ ಸದ್ದು ಬಿಡಿಗಾಸು ಖರ್ಚಿಲ್ಲದೆ ಮನೆ ಬಾಗಿಲಿಗೆ ಬಂದಿತ್ತು. ಪುಕ್ಕಟೆ ಬಂದದ್ದಕ್ಕೆ ಬೆಲೆ ಎಲ್ಲಿದೆ? ಅದನ್ನು ಅಡಗಿಸಲಿಕ್ಕೆ ಅವರು ನಾಲ್ಕು ತಾಲ್ಲೂಕಿನ ಧೂಳು ಕುಡಿದರು.

ಮಾವನದು ಪ್ರೀಮಿಯರ್ ಪದ್ಮಿನಿ. ಬೀದಿಯವರ ಬಾಯಲ್ಲಿ ಇವತ್ತಿಗೂ ‘ಮೇಷ್ಟ್ರ ಫಿಯಟ್ಟು’. ಅದೇನೂ ತಪ್ಪಲ್ಲ. 1964ರಿಂದ ಬೊಂಬಾಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಕಾರಿಗೇ ಎಪ್ಪತ್ತರ ದಶಕದಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟರು. 1089 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಸೋಫಾದಂಥ ಮುಂದಿನ ಸೀಟು. ಹೆಸರು ರಾಣಿಯದಾದ ಮೇಲೆ ಉಪಚಾರ ಸಾಮಾನ್ಯದ್ದಾದೀತೇ? ಮಾವ ಅದನ್ನು ಮಳೆಗೆ ತೆಗೆಯುವುದಿಲ್ಲ, ಬಿಸಿಲಿಗೆ ನಿಲ್ಲಿಸುವುದಿಲ್ಲ, ಮೂವತ್ತರ ಮೇಲೆ ಓಡಿಸುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ತರಲು, ಸಂಜೆ ಗಡಿಯಾರದ ಗೋಪುರದವರೆಗೆ ಗಾಳಿ ಕುಡಿಯಲು, ಶುಕ್ರವಾರ ಕೋಲಾರಮ್ಮನ ಗುಡಿಗೆ. ಎಲ್ಲಿಗೆ ಹೋದರೂ ಎಂಜಿನ್ನು ಬೆಚ್ಚಗಾಗುವ ಮೊದಲೇ ಊರು ಮುಗಿದಿರುತ್ತದೆ. ತಿರುಗಿ ಬಂದು ಹಳದಿ ಬಟ್ಟೆಯಲ್ಲಿ ಒರೆಸಿ, ಹೊದಿಕೆ ಹೊದಿಸಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ, “ನೋಡೋ, ಬಿಸೀನೇ ಆಗಿಲ್ಲ, ಹೆಂಗೆ ಸಾಕಿದೀನಿ!” ಅನ್ನುತ್ತಿದ್ದರು. ಆ ಸಾಕಣೆಯೇ ಗಾಡಿಗೆ ಮುಳುವಾಯಿತು ಎನ್ನುವುದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಹೇಳಿದ್ದರೂ ನಲವತ್ತು ವರ್ಷ ಪಾಠ ಹೇಳಿದವರು ಕೇಳುವ ಜಾತಿಯೇ?

ಸದ್ದು ಒಮ್ಮೆಗೇ ಬರಲಿಲ್ಲ. ಮೊದಮೊದಲು ಸ್ಟಾರ್ಟ್ ಮಾಡಿದಾಗ ಒಂದು ಸಣ್ಣ ಬುಸ್. ಆಮೇಲೆ ಒಳಗೆ ಏನೋ ಸಡಿಲವಾದಂತೆ ಗಡಗಡ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಢಂ ಎಂದು ಒಂದು ಹೊಡೆತ. ಎದುರುಮನೆಯ ಕೂಸು ಎದ್ದು ಅಳುವುದೂ, ಅದರ ತಾಯಿ “ಮೇಷ್ಟ್ರು ಹಾಲಿಗೆ ಹೊರಟ್ರು, ಆರೂವರೆ ಆಯ್ತು” ಎಂದು ಗಂಡನನ್ನು ಎಬ್ಬಿಸುವುದೂ ರೂಢಿಯಾಯಿತು. ಒಂದು ಶುಕ್ರವಾರ ಕೋಲಾರಮ್ಮನ ಗುಡಿಯ ಹತ್ತಿರ ಗಾಡಿಯಡಿಯಿಂದ ತಗಡಿನ ತುಂಡೊಂದು ಕಳಚಿ ಬಿತ್ತು. ಹೂವಿನವಳು ಅದನ್ನು ಎತ್ತಿ ಕಿಟಕಿಯೊಳಗೆ ಕೊಟ್ಟು, “ಏಂದಿ ಸಾರ್ ಇದಿ?” ಎಂದು ಕೇಳಿದಳು. ನಮ್ಮ ಕಡೆ ದುಃಖವನ್ನು ತೆಲುಗಿನಲ್ಲಿ ವಿಚಾರಿಸಿಕೊಳ್ಳುವ ಪದ್ಧತಿ ಉಂಟು.

ಮಾವನ ಮೊದಲ ಪ್ರಶ್ನೆ ವೈಜ್ಞಾನಿಕವಾಗಿತ್ತು: “ಮಂಗಳೂರಲ್ಲಿ ತುಕ್ಕು ಹಿಡೀತದೆ ಅಂದ್ರೆ ಒಪ್ಪೋಣ. ಸಮುದ್ರ ಇದೆ, ಆರು ತಿಂಗಳು ಮಳೆ ಇದೆ. ಕೋಲಾರದಲ್ಲಿ ಎಲ್ಲಯ್ಯ ನೀರು?”

ಪ್ರಶ್ನೆಯೇನೋ ಸರಿ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಿಂದ ಧೂಳೇ ಏಳುತ್ತಿದ್ದ ಜಿಲ್ಲೆ ಇದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಹರಿಸಿದಾಗ ಜನ ಅದಕ್ಕೂ ಪೂಜೆ ಮಾಡಿದ ಊರು. ಆದರೆ ಮಾವನಿಗೆ ತಿಳಿಯದೆ ಅವರ ಗಾಡಿಯೇ ದಿನಾ ನೀರು ತೆಗೆಯುತ್ತಿತ್ತು. ಪೆಟ್ರೋಲಿನಲ್ಲಿ ಇರುವುದು ಇಂಗಾಲ ಮತ್ತು ಜಲಜನಕ. ಉರಿದಾಗ ಜಲಜನಕ ಆಮ್ಲಜನಕದ ಜೊತೆ ಸೇರಿ ನೀರೇ ಆಗಬೇಕು, ಬೇರೆ ದಾರಿ ಇಲ್ಲ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಗಾಡಿ ದೂರ ಓಡಿದರೆ ಕೊಳವೆಯೆಲ್ಲ ಕಾದು ಅದು ಹಬೆಯಾಗಿಯೇ ಹಿಂದಿನಿಂದ ಹೋಗಿಬಿಡುತ್ತದೆ. ಡೈರಿಯವರೆಗೆ ಹೋಗಿ ಬಂದರೆ? ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್ ಬಿಸಿಯಾಗಿರುತ್ತದೆ, ಹಿಂದಿನ ಸೈಲೆನ್ಸರ್ ಡಬ್ಬಿ ತಣ್ಣಗೇ ಇರುತ್ತದೆ. ಹಬೆ ಅಲ್ಲಿ ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ. ಪೆಟ್ರೋಲಿನ ಗಂಧಕ ಸೇರಿ ಆ ನೀರು ಹುಳಿಯಾಗುತ್ತದೆ. ಈಗಿನ ಬಿಎಸ್-6 ಪೆಟ್ರೋಲಿನಲ್ಲಿ, 2020ರ ಏಪ್ರಿಲ್‌ನಿಂದ ಈಚೆಗೆ, ಗಂಧಕ ಕಿಲೋಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಪದ್ಮಿನಿ ತನ್ನ ಯೌವನದಲ್ಲಿ ಕುಡಿದದ್ದು ಅದಕ್ಕಿಂತ ಎಷ್ಟೋ ಪಾಲು ಖಾರದ್ದು. ಹೀಗೆ ಒಳಗಿನಿಂದ ತಿಂದುಕೊಂಡು ಬಂದ ತುಕ್ಕು ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಉಳಿದಿರುವುದು ಬಣ್ಣ ಮಾತ್ರ. ಶ್ರೀನಿವಾಸಪುರದ ಮಂಡಿಯವರನ್ನು ಕೇಳಿ, ವಾಟೆ ಕೊರೆಯುವ ಹುಳ ಬಿದ್ದ ಮಾವು ಇರುವುದು ಹಾಗೆಯೇ: ಸಿಪ್ಪೆಯ ಮೇಲೆ ಒಂದು ಚುಕ್ಕೆಯೂ ಇರದು, ಕೊಯ್ದರೆ ವಾಟೆಯೆಲ್ಲ ಪುಡಿ.

ಸೈಲೆನ್ಸರ್ ಡಬ್ಬಿಯ ಹೊಟ್ಟೆಯಲ್ಲಿ ಏನಿದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ತೂತು ತೂತಿನ ಕೊಳವೆಗಳು, ಮಧ್ಯೆ ಮಧ್ಯೆ ಅಡ್ಡಗೋಡೆ, ಸಣ್ಣ ಸಣ್ಣ ಕೋಣೆ. ಎಂಜಿನ್ನಿನ ಸದ್ದು ಅಲ್ಲಿಗೆ ಹೋಗಿ ಗೋಡೆಗೆ ಬಡಿದು ತಿರುಗಿ ಬಂದು, ಹಿಂದಿನಿಂದ ಬರುವ ಸದ್ದಿಗೇ ಢಿಕ್ಕಿ ಹೊಡೆದು ತನ್ನ ಜೋರನ್ನು ಕಳೆದುಕೊಳ್ಳುತ್ತದೆ. ಅಡ್ಡಗೋಡೆ ಕಳಚಿದರೆ ಗಡಗಡ, ಹೊರಮೈ ತೂತಾದರೆ ಗೊರಗೊರ. ತೂತು ಎಲ್ಲಿದೆ ಎಂದು ತಿಳಿಯುವ ಉಪಾಯ ಸುಲಭ. ಎಂಜಿನ್ ಆನ್ ಮಾಡಿಸಿ, ಹಿಂದಿನ ಬಾಯಿಗೆ ದಪ್ಪ ಬಟ್ಟೆ ಒಂದೆರಡು ಕ್ಷಣ ಒತ್ತಿ ಹಿಡಿದರೆ ತೂತಿದ್ದಲ್ಲೆಲ್ಲ ಬುಸುಗುಟ್ಟುತ್ತದೆ. ಮಾವನ ಗಾಡಿಯಲ್ಲಿ ಬಟ್ಟೆ ಒತ್ತಿದರೂ ಒತ್ತದಿದ್ದರೂ ವ್ಯತ್ಯಾಸವೇ ಆಗಲಿಲ್ಲ. ಹೊಗೆ ಹಿಂದಿನ ಬಾಯಿಯನ್ನು ಬಳಸುವುದನ್ನೇ ಬಿಟ್ಟು ಬಹಳ ಕಾಲವಾಗಿತ್ತು.

ಇದೊಂದು ಮಾತನ್ನು ಮಾತ್ರ ತಮಾಷೆಯಿಲ್ಲದೆ ಹೇಳಬೇಕು. ಗಾಡಿಯಲ್ಲಿ ಕೂತರೆ ತಲೆ ಭಾರವಾಗುತ್ತದೆ ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ನಾವು ಅದನ್ನು ಮಾವನ ಮಾತಿನ ಪರಿಣಾಮ ಎಂದುಕೊಂಡು ನಗುತ್ತಿದ್ದೆವು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತೂತಾದ ಕೊಳವೆಯಿಂದ ಅದು ಗಾಡಿಯ ಒಳಗೆ ಬರಬಹುದು, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಟ್ಟರೆ ಜೀವವನ್ನೇ ತೆಗೆಯುತ್ತದೆ. ಕಿಟಕಿ ಇಳಿಸಿಕೊಂಡು ಓಡಿಸಬೇಕು, ಬೇಗ ರಿಪೇರಿ ಮಾಡಿಸಬೇಕು, ಅಷ್ಟೆ.

ಮಾವ ಮೊದಲು ಮನೆಮದ್ದು ಮಾಡಿದರು. ತುಪ್ಪದ ಡಬ್ಬಿ ಬಿಡಿಸಿ ತಗಡು ಸುತ್ತಿದರು, ತಂತಿ ಬಿಗಿದರು, ಸಂದಿಗೆಲ್ಲ ಎಂ-ಸೀಲ್ ಮೆತ್ತಿದರು. ಟ್ಯಾಂಕಿನ ಪೈಪಿಗೆ ಮೆತ್ತುವ ಸಾಮಾನು ಸೈಲೆನ್ಸರಿನ ಬಿಸಿಗೆ ನಿಲ್ಲುತ್ತದೆಯೇ? ಗಡಿಯಾರದ ಗೋಪುರ ತಲುಪುವ ಮೊದಲೇ ಅದು ಬಿರಿದು ಉದುರಿತು. ಮನೆ ತುಂಬ ತುಪ್ಪ ಕಾಸಿದ ವಾಸನೆ ಬಂತು ಎಂದು ಅತ್ತೆ ಹೇಳಿದ್ದು ಅತಿಶಯೋಕ್ತಿ ಇರಬಹುದು.

ಆಮೇಲೆ ಹೊಸ ಸೈಲೆನ್ಸರಿನ ಬೇಟೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಕಾಲಕ್ಕೆ ಪದ್ಮಿನಿಯ ಬಿಡಿಭಾಗ ಜೋಡಿಸಿಯೇ ಇನ್ನೊಂದು ಪದ್ಮಿನಿ ಮಾಡಿಕೊಳ್ಳಬಹುದಿತ್ತಂತೆ. ಈಗ ಹೆಸರು ಹೇಳಿದರೆ ಅಂಗಡಿ ಹುಡುಗರು ಒಳಗಿನ ಮುದುಕರನ್ನು ಕೂಗುತ್ತಾರೆ. ಮುದುಕರು ಬಂದು ನೆನಪು ತೆಗೆಯುತ್ತಾರೆ, ಕಾಫಿ ತರಿಸುತ್ತಾರೆ, ಸೈಲೆನ್ಸರ್ ಕೊಡುವುದಿಲ್ಲ. ಕಾರು ತಯಾರಾಗುವುದು ನಿಂತು ಕಾಲು ಶತಮಾನವಾಗುತ್ತ ಬಂತು. ಅಷ್ಟು ಕಾಲ ಬಿಡಿಭಾಗದ ವ್ಯಾಪಾರಕ್ಕೆ ಉಸಿರು ಕೊಟ್ಟವು ಬೊಂಬಾಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು. 2023ರ ಅಕ್ಟೋಬರಿನ ಕೊನೆಗೆ ಆ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಗೂ ವಯಸ್ಸು ಮೀರಿತು. ಇನ್ನು ಕೋಲಾರದ ಒಬ್ಬ ಮೇಷ್ಟ್ರಿಗೋಸ್ಕರ ಯಾರು ಅಚ್ಚು ಹಾಕಿ ತಗಡು ಒತ್ತುತ್ತಾರೆ? ಅದಕ್ಕಿಂತ ಉರಿಯುವ ಸಂಗತಿ ಬೇರೆ ಇದೆ. ಬೆಂಗಳೂರಿನಿಂದ ಬರುವ ದಾರಿಯಲ್ಲೇ ನರಸಾಪುರ. ಅಲ್ಲಿ 2013ರಿಂದ ಹೋಂಡಾದವರ ದ್ವಿಚಕ್ರ ವಾಹನಗಳು ಹೊರಬೀಳುತ್ತಿವೆ. ಪಕ್ಕದಲ್ಲೇ ಐಫೋನ್ ಜೋಡಿಸುವ ಕಾರ್ಖಾನೆ. ಜಗತ್ತಿಗೆ ಬೇಕಾದದ್ದೆಲ್ಲ ಮನೆಯಿಂದ ಕಾಲು ಗಂಟೆಯ ದೂರದಲ್ಲಿ ಆಗುತ್ತಿದೆ, ತನಗೆ ಬೇಕಾದ ಒಂದು ತಗಡಿನ ಡಬ್ಬಿ ಆಗುತ್ತಿಲ್ಲ ಎಂದು ಮಾವ ಆ ಗೇಟುಗಳ ಮುಂದೆ ಗಾಡಿ ನಿಧಾನ ಮಾಡಿ ಉದ್ದೇಶಪೂರ್ವಕವಾಗಿ ಒಂದು ಢಂ ಬಿಟ್ಟು ಬರುತ್ತಿದ್ದರು.

ಮಾತು ಇಲ್ಲಿಗೆ ಬಂದರೆ ಮಾವ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಎಳೆದು ತರದೆ ಬಿಡುವುದಿಲ್ಲ. ಅವರ ಹುಟ್ಟೂರು ಮುದ್ದೇನಹಳ್ಳಿ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಕೋಲಾರದ್ದೇ ಎನ್ನುವುದು ಪೀಠಿಕೆ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಆ ಮಹಾನುಭಾವರು ಅಮೆರಿಕ, ಯೂರೋಪಿನ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು ನಮ್ಮಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ವಾಲ್‌ಚಂದ್ ಹೀರಾಚಂದ್ ಬಂಡವಾಳಕ್ಕೆ ಕೈಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಮಾಡುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ತಂದರು, ಕಾರಿನದು 1944ರಲ್ಲಿ ಬೊಂಬಾಯಿಯ ಪಾಲಾಯಿತು. ಅದೇ ಪ್ರೀಮಿಯರ್ ಆಟೋಮೊಬೈಲ್ಸ್. ಇಷ್ಟನ್ನೂ ಪಾಠದ ಧಾಟಿಯಲ್ಲಿ ಹೇಳಿ ಮುಗಿಸಿ ಮಾವ ಎದ್ದು ನಿಲ್ಲುತ್ತಾರೆ: “ಅವತ್ತು ವೈಸರಾಯ್ ಒಂದು ಸೈನ್ ಹಾಕಿದ್ರೆ ಇವತ್ತು ನಂಗೆ ಸೈಲೆನ್ಸರ್ ಬಂಗಾರಪೇಟೆಯಲ್ಲೇ ಸಿಗ್ತಿತ್ತು!” ಡೈರಿಗೆ ಹಾಲಿಗೆ ಹೋಗಿ ಆದ ತೂತನ್ನು ಬ್ರಿಟಿಷ್ ಸಾಮ್ರಾಜ್ಯದ ತಲೆಗೆ ಕಟ್ಟಿದ ಮೊದಲ ಕನ್ನಡಿಗರು ಇವರೇ ಇರಬೇಕು.

ಹೊಸದು ಸಿಗದಿದ್ದರೆ ಮಾಡಿಸಬೇಕು. ಮಾಡಿಸದೆ ಬಿಡುವಂತೆಯೂ ಇಲ್ಲ. ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಎಂದು 1989ರ ಕೇಂದ್ರ ನಿಯಮಗಳಲ್ಲಿ 120ನೆಯದು ಹೇಳುತ್ತದೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲುವ ಯೋಗ ಬೇರೆ. 600 ರೂಪಾಯಿ ಇದ್ದ ನೋಂದಣಿ ನವೀಕರಣದ ಶುಲ್ಕ 2022ರಲ್ಲಿ 5,000 ಆಯಿತು, ಇಪ್ಪತ್ತು ದಾಟಿದ ಗಾಡಿಗೆ 2025ರಲ್ಲಿ 10,000 ಆಯಿತು. ಅಷ್ಟು ಕೊಟ್ಟು ಗೊರಗುಟ್ಟುತ್ತ ಹೋಗಿ ನಿಂತರೆ ಯಾರು ಪಾಸು ಮಾಡುತ್ತಾರೆ?

ಮಾಲೂರಿನಲ್ಲಿ ಇಟ್ಟಿಗೆ ಗೂಡಿಗೆ, ಹೆಂಚಿನ ಕಾರ್ಖಾನೆಗೆ ಕಬ್ಬಿಣದ ಕೆಲಸ ಮಾಡಿಕೊಡುವ ಒಬ್ಬರು, “ಪೈಪ್ ತಾನೇ, ತರ‍್ರಿ ಹಾಕೊಡ್ತೀನಿ” ಅಂದರು. ಮಾವನಿಗೆ ಪೈಪಿಗೇನು ಬರ? ಬತ್ತಿದ ಬೋರ್‌ವೆಲ್ಲಿನಿಂದ ಮೇಲೆತ್ತಿದ ಜಿ.ಐ. ಪೈಪುಗಳು ನಮ್ಮ ಜಿಲ್ಲೆಯಲ್ಲಿ ಪ್ರತಿ ತೋಟದ ಮೂಲೆಯಲ್ಲೂ ಬಿದ್ದಿವೆ. ಒಂದು ಉದ್ದನೆಯದನ್ನು ಗಾಡಿಯ ಮೇಲೆ ಕಟ್ಟಿಕೊಂಡು ಹೊರಟರು. ಅದನ್ನು ಹಾಕಿಸಿಕೊಂಡು ಬಂದಿದ್ದರೆ ಪದ್ಮಿನಿಯ ಹಿಂಭಾಗ ನೆಲ ಮುಟ್ಟುತ್ತಿತ್ತು. ಅಷ್ಟು ದಪ್ಪದ ಪೈಪಿನ ಭಾರವನ್ನು ಸೈಲೆನ್ಸರ್ ತೂಗುಹಾಕುವ ಬೆರಳು ದಪ್ಪದ ರಬ್ಬರು ಹೊರುವುದುಂಟೇ? ಪುಣ್ಯಕ್ಕೆ ಅಲ್ಲೇ ಇದ್ದ ಹಳೇ ವೆಲ್ಡರ್ ಒಬ್ಬರು ತಡೆದರು. ಜಿ.ಐ. ಪೈಪಿನ ಮೇಲಿರುವ ಸತುವಿನ ಲೇಪ ವೆಲ್ಡಿಂಗ್ ಬೆಂಕಿಗೆ ಬಿಳಿ ಹೊಗೆಯಾಗಿ ಎದ್ದು, ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಪೈಪು ಹೋದ ಹಾಗೆ ತಿರುಗಿ ಬಂತು. ಈಗ ಅತ್ತೆ ಅದಕ್ಕೆ ಹಾಗಲಬಳ್ಳಿ ಹಬ್ಬಿಸಿದ್ದಾರೆ.

ಶ್ರೀನಿವಾಸಪುರಕ್ಕೆ ಹೋದದ್ದು ಜೂನ್ ತಿಂಗಳಲ್ಲಿ. ಮಾವಿನ ಸುಗ್ಗಿಯಲ್ಲಿ ಅಲ್ಲಿನ ಮೆಕ್ಯಾನಿಕ್ ಹತ್ತಿರ ಫಿಯಟ್ಟು ತೆಗೆದುಕೊಂಡು ಹೋಗುವುದೆಂದರೆ ಮದುವೆಮನೆಯ ಭಟ್ಟರಿಗೆ ಒಂದು ಲೋಟ ಮಜ್ಜಿಗೆಗೆ ಒಗ್ಗರಣೆ ಹಾಕಿಕೊಡಿ ಅಂದಷ್ಟೇ ಶುದ್ಧ ಅಧಿಕಪ್ರಸಂಗ. ತೋತಾಪುರಿ ತುಂಬಿದ ಟೆಂಪೋ, ಟ್ರ್ಯಾಕ್ಟರುಗಳ ಸಾಲು ಬಿಟ್ಟು ಯಾರೂ ತಲೆಯೆತ್ತಲಿಲ್ಲ. ಆದರೂ ಬರಿಗೈಲಿ ಬರಲಿಲ್ಲ. ಅಲ್ಲಿನ ಗುಜರಿಯಲ್ಲಿ ಮಾರುತಿ ವ್ಯಾನಿನ ಸೈಲೆನ್ಸರ್ ಡಬ್ಬಿಯೊಂದು ಸಿಕ್ಕಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಸದ್ದು. ರಾಣಿಗೆ ಮಾರುತಿಯದೇ ಎಂದು ಮಾವನಿಗೆ ಮನಸ್ಸು ಹುಳ್ಳಗಾದರೂ, ಗುಜರಿಯವರು ಹೇಳಿದ ರೇಟು ಕೇಳಿ ಜಾತಿ ವಿಚಾರ ಬಿಟ್ಟರು.

ಕೆಲಸ ನಿಜವಾಗಿ ಆದದ್ದು ಮುಳಬಾಗಿಲಿನಲ್ಲಿ, ಹಳೇ ಮದ್ರಾಸು ರಸ್ತೆಯ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ. ಅಲ್ಲಿನ ಭಾಯ್ ಗಾಡಿಯಡಿಗೆ ಮಲಗಿ, ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ ನೋಡಿ, ಮುಖದ ತುಂಬ ತುಕ್ಕಿನ ಪುಡಿ ಮೆತ್ತಿಕೊಂಡು ಹೊರಗೆ ಬಂದರು.

“ಬೆಸುಗೆ ಇಟ್ಕೊಡ್ರಿ ಭಾಯ್, ಸಾಕು,” ಅಂದರು ಮಾವ.

“ಬೆಸುಗೆ ಹಿಡಿಯೋಕೆ ಕಬ್ಬಿಣ ಎಲ್ಲೈತೆ ಮೇಷ್ಟ್ರೇ? ಬೆಂಕಿ ತೋರಿಸಿದ್ರೆ ತೂತು ಇನ್ನೂ ದೊಡ್ಡದಾಗ್ತದೆ. ಒಳ್ಳೆ ಲೋಹ ಸಿಗೋವರೆಗೂ ಕೊಯ್ದು ತೆಗೀಬೇಕು. ಎಲ್ಲಿ ಸಿಗ್ತದೋ ನೋಡಾಣ.”

ಒಳ್ಳೆ ಲೋಹ ಸಿಕ್ಕಿದ್ದು ಬಹಳ ಮುಂದೆ, ಹೆಚ್ಚುಕಡಿಮೆ ಎಂಜಿನ್ನಿನ ಹತ್ತಿರ. ಬಿಸಿಯಾಗುವ ಜಾಗ ಗಟ್ಟಿಯಾಗಿತ್ತು, ತಣ್ಣಗಿರುವ ಜಾಗ ಕರಗಿತ್ತು. ಕಷ್ಟ ಇದ್ದದ್ದು ಮ್ಯಾನಿಫೋಲ್ಡಿನ ನಟ್ಟುಗಳಲ್ಲಿ. ತುಕ್ಕು ಹಿಡಿದು ಸ್ಟಡ್ಡಿಗೆ ಒಂದಾಗಿಬಿಟ್ಟಿದ್ದವು. ಪಾನಾ ಹಾಕಿ ಜಗ್ಗಿದರೆ ಸ್ಟಡ್ಡೇ ಮುರಿದು, ಅದನ್ನು ಕೊರೆದು ತೆಗೆಯಲು ಲೇತಿನವರ ಮನೆ ಬಾಗಿಲು ಕಾಯಬೇಕು. ಭಾಯ್ ಹಿಂದಿನ ಸಂಜೆಯೇ ಎಣ್ಣೆ ಕುಡಿಸಿಟ್ಟು, ಬೆಳಿಗ್ಗೆ ನಟ್ಟಿಗೆ ಮಾತ್ರ ಗ್ಯಾಸಿನ ಬೆಂಕಿ ತೋರಿಸಿ, ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದರು. ಬಿಚ್ಚುವುದಕ್ಕೆ ಯಾಕಯ್ಯ ಬಿಗಿ ಮಾಡುತ್ತಾರೆ ಎಂದು ಮಾವ ಬಾಯಿ ತೆರೆಯುವಷ್ಟರಲ್ಲಿ ನಟ್ಟು ಕೈಗೆ ಬಂದಿತ್ತು. ತಿರುಗಿ ಹಾಕಿದ್ದು ಹಿತ್ತಾಳೆ ನಟ್ಟು. ಅದು ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಮುಂದಿನ ಸಲ ಬಿಚ್ಚುವವರು ಆಶೀರ್ವಾದ ಮಾಡುತ್ತಾರೆ.

ಪೈಪು ಬಗ್ಗಿಸಿದ್ದನ್ನು ನೋಡಬೇಕಿತ್ತು. ಹಿಂದಿನ ಆಕ್ಸಲನ್ನು ದಾಟಿಕೊಂಡು ಹೋಗುವಲ್ಲಿ ಪೈಪಿಗೆ ಒಂದು ಡೊಂಕು ಬೇಕು. ಸುಮ್ಮನೆ ಬಗ್ಗಿಸಿದರೆ ಚಪ್ಪಟೆಯಾಗಿ ಉಸಿರು ಕಟ್ಟುತ್ತದೆ. ಚೆನ್ನಾಗಿ ಹುರಿದು ಒಣಗಿಸಿದ ಮರಳನ್ನು ಪೈಪಿನೊಳಗೆ ಕುಟ್ಟಿ ಕುಟ್ಟಿ ತುಂಬಿಸಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಡೊಂಕಿನ ಜಾಗವನ್ನು ಕೆಂಪಗೆ ಕಾಸಿ ನಿಧಾನಕ್ಕೆ ಬಾಗಿಸಿದರು. ಮರಳು ಒದ್ದೆಯಿದ್ದರೆ ಹಬೆಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದೆ ಎಂದು ಹುಡುಗರನ್ನೂ ಮಾವನನ್ನೂ ದೂರ ನಿಲ್ಲಿಸಿದ್ದರು. ಅಳತೆಗೆ ಇದ್ದ ಆಧಾರ ಒಂದೇ, ಬಿಚ್ಚಿ ಹಾಕಿದ ಹಳೇ ಸೈಲೆನ್ಸರ್ ಮತ್ತು ಪೈಪು. ಅವನ್ನು ನೆಲದ ಮೇಲೆ ಇಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊಸದನ್ನು ಆ ಗೆರೆಯ ಮೇಲೇ ಕೂರಿಸಿದರು. ಬ್ಯಾಟರಿ ವೈರು ಕಳಚಿ, ಪೆಟ್ರೋಲ್ ಟ್ಯಾಂಕಿನ ಕಡೆ ಬೆಂಕಿ ಹೋಗದಂತೆ ಬೆಸುಗೆಯನ್ನೆಲ್ಲ ಹೊರಗೇ ಮುಗಿಸಿ, ಆಮೇಲೆ ಗಾಡಿಗೆ ಏರಿಸಿದರು. ಕೊನೆಗೆ ಡಬ್ಬಿಯ ತಳದಲ್ಲಿ, ಅತಿ ತಗ್ಗಿನ ಜಾಗದಲ್ಲಿ, ಒಂದು ಸಣ್ಣ ತೂತು ಕೊರೆದರು. ನಿಂತ ನೀರು ಹೋಗಲಿ ಎಂದು.

ಸ್ಟಾರ್ಟ್ ಮಾಡಿದರೆ ಪದ್ಮಿನಿಯ ಸದ್ದು ಸಣ್ಣ ಗುನುಗಾಗಿತ್ತು. ಮಾವ ಎಂಜಿನ್ ಆಫ್ ಆಗಿದೆ ಎಂದುಕೊಂಡು ಇನ್ನೊಂದು ಸಲ ಕೀ ತಿರುಗಿಸಿ ಕಿರ್ ಅನ್ನಿಸಿದರು.

“ಮೇಷ್ಟ್ರೇ, ಇದು ಊರೊಳಗೇ ಸುತ್ತಿದ್ರೆ ಎರಡು ವರ್ಷಕ್ಕೆ ತಿರುಗಾ ಇಲ್ಲಿಗೇ ಬರ್ತದೆ. ವಾರಕ್ಕೊಂದು ಸಲ ಇಷ್ಟು ದೂರ ಓಡಿಸ್ರಿ. ಪೈಪೆಲ್ಲ ಕಾದು ಒಣಗಲಿ,” ಅಂದರು ಭಾಯ್.

ಕೋಲಾರದಿಂದ ಮುಳಬಾಗಿಲಿಗೆ ಮೂವತ್ತು ಕಿಲೋಮೀಟರಿನಷ್ಟು ಹೆದ್ದಾರಿ. ಸೈಲೆನ್ಸರ್ ಒಣಗಲು ಧಾರಾಳ. ಮುಳಬಾಗಿಲಿಗೆ ಹೋದ ಮೇಲೆ ದಪ್ಪಗೆ, ಕೆಂಪಗೆ, ತುಪ್ಪ ಜಿನುಗುವ ದೋಸೆ ತಿನ್ನದೆ ಬಂದರೆ ಊರಿಗೆ ಅವಮಾನ. ಸಕ್ಕರೆ ಕಾಯಿಲೆಯ ಡಾಕ್ಟರು ಬೇಡವೆಂದದ್ದನ್ನು ಟಿಂಕರ್ ಭಾಯ್ ಬರೆದುಕೊಟ್ಟರು ಎಂದು ಮಾವ ಮನೆಯಲ್ಲಿ ವಾದ ಹೂಡಿದರು. ಗಾಡಿಯ ಆರೋಗ್ಯಕ್ಕೆ ಎಂದು ಭಾನುವಾರ ಬೆಳಿಗ್ಗೆ ಹೊರಡುವುದು, ಗಾಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ತಮ್ಮ ಆರೋಗ್ಯ ನೋಡಿಕೊಳ್ಳುವುದು. ಅದು ಸಾಲದೆ, ತಳದ ಆ ಸಣ್ಣ ತೂತನ್ನು ನೋಡಿ “ಪಾಪ, ಭಾಯ್‌ಗೆ ವಯಸ್ಸಾಯ್ತು, ಒಂದು ತೂತು ಬಿಟ್ಟವ್ರೆ” ಎಂದು ಮರುಗಿ ಉಳಿದಿದ್ದ ಎಂ-ಸೀಲಿನಲ್ಲಿ ಮುಚ್ಚಿದರು. ಅದು ಕಾದು ಉದುರಿಹೋದದ್ದು ಪದ್ಮಿನಿಯ ಪೂರ್ವಜನ್ಮದ ಪುಣ್ಯ.

ಹಳೇ ಸೈಲೆನ್ಸರನ್ನು ಮಾವ ಗೋಣಿಯಲ್ಲಿ ಸುತ್ತಿ ಶೆಡ್ಡಿನ ಅಟ್ಟದ ಮೇಲಿಟ್ಟಿದ್ದರು. “ಬಿಸಾಕಬೇಡ್ರಿ, ಅದೇ ನಿಮ್ಮ ನಕ್ಷೆ” ಎಂದು ಭಾಯ್ ಹೇಳಿ ಕಳಿಸಿದ್ದರು. ಅದೂ ಸರಿಯೇ. ಕಾರ್ಖಾನೆ ಮುಚ್ಚಿದ ಮೇಲೆ ಹಳೇ ಸಾಮಾನೇ ಅಳತೆ, ಹಳೇ ಸಾಮಾನೇ ಅಚ್ಚು. ಮುಂದಿನ ಸಲ ಯಾರಾದರೂ ಮಾಡಿಕೊಡಬೇಕಾದರೆ ಅದನ್ನೇ ನೋಡಿ ಮಾಡಬೇಕು. ಆದರೆ ಈ ತತ್ವ ಅತ್ತೆಗೆ ತಿಳಿಸಿರಲಿಲ್ಲ. ಮಾವ ದೋಸೆಗೆ ಹೋಗಿದ್ದ ಒಂದು ಭಾನುವಾರ “ಹಳೇ ಕಬ್ಬಿಣ, ಹಳೇ ಪೇಪರ್” ಎಂದು ತಳ್ಳುಗಾಡಿಯವನು ಬಂದ. ಅತ್ತೆ ಅಟ್ಟ ಗುಡಿಸಿ ಕೊಟ್ಟರು. ಬದಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ಟು ಬಂತು. ನೀಲಿ ಬಣ್ಣದ್ದು, ಮುಚ್ಚಳವಿಲ್ಲದ್ದು. “ಮುಚ್ಚಳಾನೂ ಕೊಡೋನೇ, ಆದರೆ ತೂಕಕ್ಕೆ ಹಾಕಿದ್ರೆ ಅರ್ಧ ತುಕ್ಕು ಕೆಳಕ್ಕೆ ಉದುರೋಯ್ತು,” ಅಂದರು ಅತ್ತೆ.

ಅಂದಿನಿಂದ ಮಾವ ಗುಜರಿ ಅಂಗಡಿಗಳನ್ನು ಸೋಸುತ್ತಿದ್ದಾರೆ. ಬೆಳಿಗ್ಗೆ 8ಕ್ಕೆ ಹೊರಟರೆ ಮಾಲೂರು, ಮಧ್ಯಾಹ್ನ ಶ್ರೀನಿವಾಸಪುರ, ಮಾರನೇ ದಿನ ಮುಳಬಾಗಿಲು ದಾಟಿ ನಂಗಲಿಯವರೆಗೆ. ಹಳೆಯದು ಸಿಕ್ಕಿಲ್ಲ. ಮೊನ್ನೆ ಭಾಯ್ ಗಾಡಿಯಡಿ ಇಣುಕಿ, ಹೊಸ ಡಬ್ಬಿಯನ್ನು ತಟ್ಟಿ ನೋಡಿ ಬೆರಗಾದರು: “ಒಂದ್ ಹನಿ ನೀರಿಲ್ಲ ಮೇಷ್ಟ್ರೇ, ಖಣಖಣ ಅಂತೈತೆ. ಹೆಂಗೆ ಮೇಂಟೇನ್ ಮಾಡ್ತಿದೀರಾ?”

ಮಾವ ಉತ್ತರ ಕೊಡುವ ಮೊದಲೇ ಹಿಂದಿನ ಸೀಟಿನಿಂದ ಅತ್ತೆ, “ಎಲ್ಲಾ ನನ್ನಿಂದ,” ಅಂದರು.